ಗೇಟಿನ ಬಳಿಯ ಮೂರನೇ ಭಾಗ

ಬುಧವಾರ ಬೆಳಿಗ್ಗೆ ಏಳೂವರೆಗೆ ಮಾಳಿಂಗ ಕಾಂಕ್ರೀಟಿನ ಮೇಲೆ ಹೆಬ್ಬೆರಳು ಒತ್ತಿದ. ಬೆರಳು ಉಗುರಿನ ಬುಡದವರೆಗೆ ಇಳಿಯಿತು. ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದ. ಅಲ್ಲಿಯೂ ಅಷ್ಟೇ. ಹಿಂದಿನ ದಿನ, ಡಿಸೆಂಬರ್ ಹದಿನಾರರ ಬೆಳಿಗ್ಗೆ ಹನ್ನೊಂದಕ್ಕೆ ಹಾಕಿದ ಕಾಂಕ್ರೀಟು ಅದು. ಇಪ್ಪತ್ತು ತಾಸು ಕಳೆದಿತ್ತು. ಇಷ್ಟರಲ್ಲಿ ಅದರ ಮೇಲೆ ಮನುಷ್ಯ ನಡೆಯುವಂತಿರಬೇಕಿತ್ತು.

ಕೆಲಸ ಆಳಂದದ ತೊಗರಿ ವ್ಯಾಪಾರಿ ಶಿವಪ್ರಕಾಶರ ಹೊಸ ಮನೆಯದು. ಗೇಟಿನಿಂದ ಪೋರ್ಚಿನವರೆಗೆ ಮೂವತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಗಾಡಿ ದಾರಿ. ಮೊದಲು ಯಾರೋ ಎರೆಮಣ್ಣಿನ ಮೇಲೆಯೇ ಇಂಟರ್‌ಲಾಕ್ ಕಲ್ಲು ಹಾಸಿದ್ದರು. ಎರಡು ಮಳೆಗಾಲದಲ್ಲಿ ಮಣ್ಣು ಉಬ್ಬಿ, ಎರಡು ಬೇಸಿಗೆಯಲ್ಲಿ ಬಿರಿದು, ಕಲ್ಲುಗಳು ಹಲ್ಲು ಕಿತ್ತಂತೆ ಎದ್ದಿದ್ದವು. ಮಾಳಿಂಗ ಎರಡು ಅಡಿ ಎರೆ ತೆಗೆಸಿ, ಗರಸು ಮಣ್ಣು ತುಂಬಿ, ನೀರು ಬಿಟ್ಟು ದಮ್ಮಸ್ಸು ಮಾಡಿಸಿ, ಅದರ ಮೇಲೆ ಐದು ಇಂಚು ಕಾಂಕ್ರೀಟು ಹಾಕುತ್ತಿದ್ದ. ದಾರಿಯನ್ನು ಮೂರು ಭಾಗ ಮಾಡಿಕೊಂಡಿದ್ದ. ಪೋರ್ಚಿನ ಕಡೆಯ ಎರಡು ಭಾಗ ಸೋಮವಾರ ಮುಗಿದು, ಮಂಗಳವಾರ ಬೆಳಿಗ್ಗೆಯೇ ಗಟ್ಟಿಯಾಗಿದ್ದವು. ಗೇಟಿನ ಬಳಿಯ ಮೂರನೆಯದು ಈಗ ಬೆರಳಿಗೆ ಇಳಿಯುತ್ತಿತ್ತು.

ಜೇವರ್ಗಿ ತಾಲೂಕಿನ ಕೊಳಕೂರಿನ ಮಾಳಿಂಗ ಹನ್ನೊಂದು ವರ್ಷ ರಸ್ತೆಗಳಿಗೆ ಡಾಂಬರು ಹಾಕುವ ಗ್ಯಾಂಗಿನಲ್ಲಿ ದುಡಿದವನು. ಮನೆಗಳ ಮುಂದೆ ಗಾಡಿ ದಾರಿ ಮಾಡುವ ಗುತ್ತಿಗೆಯನ್ನು ಸ್ವಂತ ಹೆಸರಿನಲ್ಲಿ ಹಿಡಿದು ಒಂದೂವರೆ ವರ್ಷವಾಗಿತ್ತು. ಹೆಂಡತಿ ಸೀಮಾ ಜೊತೆಗೆ ನಿಂತು ಮಿಕ್ಸರ್ ನೋಡಿಕೊಳ್ಳುತ್ತಿದ್ದಳು. ಶನಿವಾರ ಶಿವಪ್ರಕಾಶರ ಹೆಂಡತಿಯ ತಮ್ಮ ಸಂತೋಷಕುಮಾರ ಈ ದಾರಿಯನ್ನು ನೋಡಲು ಬರುವವನಿದ್ದ. ಅಫಜಲಪುರದಲ್ಲಿ ಅವನು ಹನ್ನೆರಡು ಮನೆ ಕಟ್ಟಿಸುತ್ತಿದ್ದ. ಮನಸ್ಸಿಗೆ ಬಂದರೆ ಹನ್ನೆರಡರ ದಾರಿಯೂ ಮಾಳಿಂಗನಿಗೇ.

ಶಿವಪ್ರಕಾಶ ಶಾಲು ಹೊದ್ದುಕೊಂಡು ಹೊರಗೆ ಬಂದರು.

“ಹ್ಯಾಂಗದ ಮಾಳಿಂಗ? ಕಾರ್ ಬ್ಯಾಡ, ಬೈಕ್ ಆದ್ರೂ ಹತ್ತಸ್ಲೇನು?”

“ಬ್ಯಾಡ್ರಿ ಸಾವಕಾರ್ರೆ. ಇನ್ನಾ ಹಸಿ ಅದ.”

“ಪೋರ್ಚಿನ ಕಡಿಂದು ಮರುದಿನಾನೇ ಗಟ್ಟಿ ಆಗಿತ್ತಲ್ಲ?”

“ಥಂಡಿ ರೀ. ರಾತ್ರಿ ಭಾಳ ಥಂಡಿ ಬಿದ್ದದ. ಇಲ್ಲಿ ಬೇವಿನ ಗಿಡದ ನೆಳ್ಳ ಬ್ಯಾರೆ.”

ಹೇಳುವಾಗಲೇ ಅದು ಸರಿಯಿಲ್ಲವೆಂದು ಅವನಿಗೆ ಗೊತ್ತಿತ್ತು. ಸೋಮವಾರ ರಾತ್ರಿಯೂ ಇಷ್ಟೇ ಚಳಿಯಿತ್ತು. ಸಿಮೆಂಟು ಅದೇ ಲಾಟಿನದು, ಉಸುಕು ಅದೇ ರಾಶಿಯದು. ಆದರೆ ಕಾರಣ ಗೊತ್ತಿಲ್ಲ ಎಂದು ಗುತ್ತಿಗೆದಾರ ಹೇಳುವುದು ಹೇಗೆ?

ಹನ್ನೆರಡರ ಹೊತ್ತಿಗೆ ಬಿಸಿಲು ಕಾಯಿತು. ಶಿವಪ್ರಕಾಶರ ತಾಯಿ ಹೀರಾಬಾಯಿ ಮೆಟ್ಟಿಲ ಮೇಲೆ ಕುಳಿತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಒಂಬತ್ತನೆಯ ಸಲವೋ ಹತ್ತನೆಯ ಸಲವೋ ಬೆರಳು ಒತ್ತಿ ನೋಡುತ್ತಿದ್ದ ಮಾಳಿಂಗನನ್ನು ಅವರು ಕೂಗಿದರು.

“ಮಾಳಿಂಗಾ, ಏನ್ ಹಾಕಿ ಕಲಸಿಯೋ ಇದಕ್ಕ?”

“ಸಿಮೆಂಟು, ಉಸುಕು, ಖಡಿ ರೀ ಆಯಿ.”

“ಮತ್ತ ಇರುವಿ ಯಾಕ ಸಾಲ ಹಚ್ಚ್ಯಾವ? ನನ್ನ ಬೆಲ್ಲದ ಡಬ್ಬಿಗಿ ಬರಾವು ನಿನ್ನ ಸಿಮೆಂಟಿಗಿ ಬಂದಾವಲ್ಲೋ!”

ಮಾಳಿಂಗ ನೋಡಿದ. ಕಾಂಪೌಂಡಿನ ಬುಡದಿಂದ ಕೆಂಪಿರುವೆಗಳ ಸಾಲು ಹೊರಟು ಮೂರನೇ ಭಾಗದ ಅಂಚಿಗೆ ಬಂದು ಮುಟ್ಟಿತ್ತು. ಎರಡನೇ ಭಾಗದ ಹತ್ತಿರ ಒಂದು ಇರುವೆಯೂ ಇರಲಿಲ್ಲ.

ಅವನು ಎದ್ದು ಮನೆಯ ಹಿಂಬದಿಗೆ ಹೋದ. ಅಲ್ಲಿ ಇನ್ನೂರು ಲೀಟರಿನ ನೀಲಿ ಡ್ರಮ್ಮು ಇತ್ತು. ಸೋಮವಾರ ಟ್ಯಾಂಕರ್ ನಿಂತಿದ್ದರಿಂದ ನೀರನ್ನು ನೇರವಾಗಿ ಅದರಿಂದಲೇ ಹಿಡಿದಿದ್ದರು. ಮಂಗಳವಾರ ಟ್ಯಾಂಕರ್ ಬರುವುದಿಲ್ಲವೆಂದು ಸೋಮವಾರ ಸಂಜೆಯೇ ಈ ಡ್ರಮ್ಮು ತುಂಬಿಸಿ ಇಟ್ಟಿದ್ದರು. ಮೂರನೇ ಭಾಗಕ್ಕೆ ಎಂಟು ಚೀಲ ಸಿಮೆಂಟು, ಸರಿಯಾಗಿ ಒಂದು ಡ್ರಮ್ಮು ನೀರು. ಡ್ರಮ್ಮನ್ನು ತಂದದ್ದು ಭೂಸನೂರಿನಿಂದ, ಸೀಮಾಳ ಅಣ್ಣ ಚಂದಪ್ಪನ ದನದ ಕೊಟ್ಟಿಗೆಯಿಂದ. ತರುವಾಗ ತಳದಲ್ಲಿ ಕರ‍್ರಗೆ ಗಟ್ಟಿಯಾಗಿ ಏನೋ ಹತ್ತಿಕೊಂಡಿತ್ತು. ಮಾಳಿಂಗ ತನ್ನ ಆಯುಷ್ಯದಲ್ಲಿ ಕಂಡ ಹಳೆಯ ಡ್ರಮ್ಮುಗಳ ತಳದಲ್ಲೆಲ್ಲ ಅಂಥದ್ದೇ ಇರುತ್ತಿತ್ತು: ಡಾಂಬರು. ಡಾಂಬರು ನೀರಿನಲ್ಲಿ ಕರಗುವುದಿಲ್ಲ, ಕಾಂಕ್ರೀಟಿಗೆ ಅದರಿಂದ ಏನೂ ಆಗುವುದಿಲ್ಲ. ಒಂದು ಚರಿಗೆ ನೀರು ಹಾಕಿ ಕುಲುಕಿ ಚೆಲ್ಲಿ, ಆಯಿತು ಎಂದಿದ್ದ.

ಈಗ ಬಗ್ಗಿ ನೋಡಿದರೆ ತಳದಲ್ಲಿ ಕಪ್ಪು ಇರಲಿಲ್ಲ. ತೆಳ್ಳಗಿನ ಕಂದು ಲೇಪ ಮಾತ್ರ ಉಳಿದಿತ್ತು. ಬಾಯಿಯ ಅಂಚಿನಲ್ಲಿ ಇರುವೆಗಳು ಓಡಾಡುತ್ತಿದ್ದವು. ಬೆರಳಿನಿಂದ ಲೇಪ ಒರೆಸಿ ನಾಲಿಗೆಗೆ ಹಚ್ಚಿಕೊಂಡ. ಸಿಹಿ. ಹಿಂದೆಯೇ ಸ್ವಲ್ಪ ಕಹಿ.

ಸೀಮಾ ಹಿಂದೆ ಬಂದು ನಿಂತಿದ್ದಳು. “ನೀರು ಚಾದಾಂಗ ಕಾಣ್ತದ ಅಂತ ನಿನ್ನೆ ಹೇಳಲಿಲ್ಲೇನು ನಾ? ಟ್ಯಾಂಕರಿನ ತುಕ್ಕು ಅಂದ್ರಿ.”

“ಸುಮ್ನಿರ್ ಬೇ.”

“ಸುಮ್ನಿದ್ದೇ ಹೀಂಗ ಆಗ್ಯಾದ.”

ಅವನು ಚಂದಪ್ಪನಿಗೆ ಫೋನು ಹಚ್ಚಿದ. “ಮಾವ, ಆ ನೀಲಿ ಡ್ರಮ್ಮಿನಾಗ ಮೊದಲ ಏನಿತ್ತು?”

“ಕಾಕಂಬಿ. ಸಕ್ಕರಿ ಕಾರ್ಖಾನಿಂದ ತಂದು ದನದ ಕಣಿಕಿಗಿ ಕಲಸಿ ಹಾಕ್ತಿದ್ದೆ. ಯಾಕ?”

“ಹೇಳಬಾರದೇನು ನನಗ?”

“ನೀ ಕೇಳಿದೇನು? ಒಯ್ಯಾಗ ನೀನೇ ಬಗ್ಗಿ ನೋಡಿ, ಡಾಂಬರ ಅದ ಬಿಡು ಮಾವ ಅಂದಿ. ಹನ್ನೊಂದು ವರ್ಷ ಡಾಂಬರದಾಗ ದುಡದಾಂವ. ನಿನಗ ನಾ ಏನ್ ಹೇಳ್ಲಿ?”

ಸಕ್ಕರೆ ಬಿದ್ದರೆ ಸಿಮೆಂಟು ಕೂಡುವುದಿಲ್ಲ, ಗಟ್ಟಿಯಾಗುವುದಿಲ್ಲ ಎಂಬ ಮಾತನ್ನು ಮಾಳಿಂಗ ರಸ್ತೆ ಕೆಲಸದಲ್ಲಿ ಎಲ್ಲೋ ಕೇಳಿದ್ದ. ಎಷ್ಟು ಬಿದ್ದರೆ, ಎಷ್ಟು ದಿನ ಎಂಬುದು ಗೊತ್ತಿರಲಿಲ್ಲ. ಜೇವರ್ಗಿಯಲ್ಲಿ ಅವನಿಗೆ ಪರಿಚಯದ ಅಮರನಾಥ ಎಂಬ ಎಂಜಿನಿಯರ್ ಇದ್ದರು. ಸಿಮೆಂಟು, ಕಾಂಕ್ರೀಟು ಪರೀಕ್ಷಿಸುವ ಕೆಲಸ ಅವರದು. ಫೋನು ಮಾಡಿ ಎಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು ತಳದಲ್ಲಿ ಎಷ್ಟಿತ್ತು ಎಂದು.

“ಒಂದ್ ಕಿಲೋದ ಒಳಗ ಇರಬೇಕ್ರಿ ಸರ್.”

“ಅದರಾಗ ಅರ್ಧ ಸಕ್ಕರಿ ಹಿಡಿ. ನಾಲ್ಕನೂರು ಕಿಲೋ ಸಿಮೆಂಟಿಗಿ ನಾಲ್ಕನೂರು ಗ್ರಾಮ ಅಂದ್ರ ಸಾವಿರಕ್ಕ ಒಂದು. ಅಷ್ಟಿದ್ರ ತಡಾ ಆಗ್ತದ, ಎರಡ ದಿನ, ಮೂರ ದಿನ. ಕೂಡಿದ ಮ್ಯಾಲ ಬಲಾ ಕಡಿಮಿ ಆಗಬೇಕಂತಿಲ್ಲ. ಅದಕ್ಕೂ ಹೆಚ್ಚು ಇದ್ರ ನಾ ಮಾತು ಕೊಡಾಂಗಿಲ್ಲಪ.”

“ತಿಳಿಯೂದು ಹ್ಯಾಂಗ್ರಿ?”

“ಬೆರಳು ಬಿಡು. ಮೂರಿಂಚು ಮೊಳಿ ನಿಲ್ಲಿಸಿ, ಮ್ಯಾಲ ಒಂದು ಇಟ್ಟಂಗಿ ಇಟ್ಟು, ಎಷ್ಟು ಇಳೀತದ ಅಳಿ. ಆರಾರು ತಾಸಿಗೊಮ್ಮಿ. ಕಡಿಮಿ ಆಗ್ತಾ ಬಂದ್ರ ಬಿಡು. ಅಷ್ಟಕ್ಕೇ ನಿಂತ್ರ ಕಿತ್ತು ಒಗಿ. ಪ್ಲಾಸ್ಟಿಕ್ ಮುಚ್ಚು, ಆರಬಾರದು. ಮ್ಯಾಲ ನೀರು ಹೊಡಿಬ್ಯಾಡ, ತೊಳಕೊಂಡು ಹೋಗ್ತದ.”

ಬುಧವಾರ ಮಧ್ಯಾಹ್ನ ಎರಡಕ್ಕೆ ಮೊಳೆ ಒಂದು ಇಂಚಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಕಡಿಮೆ ಇಳಿಯಿತು. ರಾತ್ರಿ ಎಂಟಕ್ಕೂ ಅಷ್ಟೇ. ಆ ಎಂಟು ಗಂಟೆಯ ಅಳತೆಯ ನಂತರ ಮಾಳಿಂಗ ಸೀಮಾ ಕೊಟ್ಟ ರೊಟ್ಟಿಯನ್ನು ಅರ್ಧ ಬಿಟ್ಟ. ಗುರುವಾರ ಬೆಳಿಗ್ಗೆ ಏಳಕ್ಕೆ ಮುಕ್ಕಾಲು ಇಂಚು ಇಳಿಯಿತು. ತಪ್ಪು ಅಳೆದೆನೇನೋ ಎಂದು ಮೂರು ಕಡೆ ನಿಲ್ಲಿಸಿ ನೋಡಿದ. ಒಂದು ಕಡೆ ಮುಕ್ಕಾಲು, ಒಂದು ಕಡೆ ಮುಕ್ಕಾಲಿಗೆ ತುಸು ಕಡಿಮೆ, ಇನ್ನೊಂದು ಕಡೆ, ಗಟಾರದ ಬದಿಗೆ, ಮತ್ತೆ ಒಂದಕ್ಕೆ ಹತ್ತಿರ. ಆ ಮೂರನೆಯದು ಅವನನ್ನು ಇಡೀ ದಿನ ಕಾಡಿತು.

ಗುರುವಾರ ಸಂಜೆ ನಾಲ್ಕಕ್ಕೆ ಶಿವಪ್ರಕಾಶ ಅಂಗಡಿಯಿಂದ ಬಂದರು. ಪ್ಲಾಸ್ಟಿಕ್ ಎತ್ತಿ, ತಾವೂ ಬೆರಳು ಒತ್ತಿ ನೋಡಿದರು. ಗುರುತು ಮೂಡಿತು.

“ಬ್ರೇಕರ್ ಮಷಿನಿನ ಇಮ್ರಾನಗ ಹೇಳೇನಿ. ನಾಳೆ ಮುಂಜಾನೆ ಬರ್ತಾನ. ಒಡದು ತಗದು ನಾಳೇನೇ ಹೊಸಾದು ಹಾಕು. ಶನಿವಾರ ಸಂತೋಷ ಬರಾದ್ರಾಗ ನೆಟ್ಟಗ ಕಾಣ್ಲಿ.”

ಮಾಳಿಂಗನಿಗೆ ಒಂದು ಕ್ಷಣ ಹಗುರವೆನಿಸಿತು. ಒಡೆದು ಹಾಕಿದರೆ ಡ್ರಮ್ಮಿನ ಮಾತು ಅಲ್ಲಿಗೇ ಮುಗಿಯುತ್ತದೆ. ಎಂಟು ಚೀಲ ಹೋದರೆ ಹೋಗಲಿ.

“ಆಯ್ತ್ರಿ,” ಎಂದ.

“ಆದ್ರ ಒಂದ್ ಮಾತು. ಅಫಜಲಪುರದ ಕೆಲಸ ಜನವರಿದಾಗ ಅದ. ನಿನ್ನ ಕಾಂಕ್ರೀಟು ಥಂಡಿಗಿ ಕೂಡಂಗಿಲ್ಲಂದ್ರ ಅಲ್ಲಿ ಹ್ಯಾಂಗ ಮಾಡ್ತಿ? ಸಂತೋಷಗ ನಾ ಹೇಳೂದು ಹೇಳಬೇಕಾಗ್ತದ. ಬ್ಯಾರೇರಿಗಿ ಕೊಡು ಅಂತ.”

ಸೀಮಾ ಮಿಕ್ಸರ್ ತೊಳೆಯುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದಳು. ಮಾಳಿಂಗ ಕೈಯಲ್ಲಿದ್ದ ಮೊಳೆಯನ್ನು ತಿರುಗಿಸುತ್ತ ನಿಂತ.

“ಥಂಡಿ ಅಲ್ರಿ ಸಾವಕಾರ್ರೆ.”

“ಏನು?”

“ಥಂಡಿ ಅಲ್ರಿ. ನನ್ನ ಗಲತಿ. ಡ್ರಮ್ಮಿನ ತಳದಾಗ ಕಾಕಂಬಿ ಇತ್ತು. ನಾ ಡಾಂಬರ ಅಂತ ತಿಳದೆ. ಸಕ್ಕರಿ ನೀರಿನಾಗ ಹೋಗಿ ಸಿಮೆಂಟು ಕೂಡಲಾರದಾಂಗ ಮಾಡ್ಯಾದ.”

ಮೆಟ್ಟಿಲ ಮೇಲಿನಿಂದ ಹೀರಾಬಾಯಿಯ ನಗು ಕೇಳಿಸಿತು. “ನಾ ಹೇಳಲಿಲ್ಲೇನು? ಇರುವಿಗಿ ತಿಳದದ್ದು ನಿಮಗಿಬ್ಬರಿಗೂ ತಿಳಿಲಿಲ್ಲ.”

“ನೀ ಸುಮ್ನಿರು ಅವ್ವಾ.” ಅವರು ಮಾಳಿಂಗನ ಕಡೆ ತಿರುಗಿದರು. “ನಿನ್ನೆ ಮುಂಜಾನೆ ನನ್ನ ಮಾರಿ ನೋಡಿ ಥಂಡಿ ಅಂದಿ. ಎರಡ ದಿನ ಸುಳ್ಳ ಹೇಳಿದಿ.”

“ಮುಂಜಾನೆ ಗೊತ್ತಿರಲಿಲ್ರಿ. ಮಧ್ಯಾಹ್ನ ಗೊತ್ತಾಯ್ತು. ಆಮ್ಯಾಲ ಅಂಜಿಕಿ ಬಂತ್ರಿ.”

“ಈಗ ಯಾಕ ಹೇಳಿದಿ?”

“ಒಡಿಬ್ಯಾಡ್ರಿ ಅನ್ನಾಕ.” ಅವನು ಅಳತೆ ಬರೆದಿಟ್ಟ ಸಿಮೆಂಟು ಚೀಲದ ಕಾಗದ ಮುಂದೆ ಹಿಡಿದ. “ನಿನ್ನೆ ಒಂದಿಂಚು ಇಳೀತಿತ್ತು. ಈಗ ಅರ್ಧ. ಕೂಡಾಕತ್ತದ್ರಿ. ಮಷಿನ್ ಹಚ್ಚಿದ್ರ ಬಾಜೂಕಿನ ಭಾಗದ ಅಂಚು ಒಡೀತದ, ಕೆಳಗ ಗರಸೂ ಸಡ್ಲ ಆಗ್ತದ. ಶನಿವಾರ ಮುಂಜಾನೆ ಮೊಳಿ ಇಳದ್ರ ನಾನೇ ಸುತ್ತಿಗಿ ಹಿಡದು ಒಡೀತೇನಿ, ಸಂತೋಷಕುಮಾರ್ರ ಮುಂದನೇ.”

“ಎಲ್ಲಾ ಕಡೆ ಅರ್ಧಾನಾ?”

ಮಾಳಿಂಗ ತಡೆದು ಹೇಳಿದ. “ಇಲ್ರಿ. ಗಟಾರದ ಕಡಿಂದು ಇನ್ನಾ ಮುಕ್ಕಾಲು ಅದ.”

ಶಿವಪ್ರಕಾಶ ಕಾಗದವನ್ನು ಎರಡು ಸಲ ಓದಿದರು. ಫೋನು ತೆಗೆದು ಇಮ್ರಾನನಿಗೆ ಶನಿವಾರ ಹತ್ತಕ್ಕೆ ಬಾ ಎಂದು ಹೇಳಿದರು. ಬರಲೇಬೇಡ ಎನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೊಳೆ ಎರಡು ನೂಲು ಇಳಿಯಿತು. ಸಂಜೆ, ಎರಡು ಕಡೆ ಮೇಲೆಯೇ ನಿಂತಿತು. ಗಟಾರದ ಕಡೆ ಒಂದು ನೂಲು. ಶನಿವಾರ ಏಳಕ್ಕೆ ಮಾಳಿಂಗ ಇಟ್ಟಂಗಿ ಇಟ್ಟು ಕಾದ. ಗಟಾರದ ಕಡೆಯೂ ಮೊಳೆ ನಿಂತುಕೊಂಡಿತು. ಅವನು ನಂಬದೆ ಇನ್ನೊಂದು ಇಟ್ಟಂಗಿ ಏರಿಸಿದ. ಇಳಿಯಲಿಲ್ಲ. ಮೊಳೆಯಿಂದ ಕೆರೆದರೆ ಬಿಳಿ ಗೆರೆ ಮಾತ್ರ ಮೂಡಿತು. ಹತ್ತಕ್ಕೆ ಮಷಿನಿನೊಡನೆ ಬಂದ ಇಮ್ರಾನ ಅದನ್ನು ನೋಡಿ, ಚಹಾ ಕುಡಿದು, ಬೈದುಕೊಂಡು ಹೋದ.

ಹನ್ನೊಂದಕ್ಕೆ ಸಂತೋಷಕುಮಾರನ ಕಾರು ಗೇಟಿಗೆ ಬಂದು ಹಾರ್ನ್ ಹೊಡೆಯಿತು. ಶಿವಪ್ರಕಾಶ ಪೋರ್ಚಿನಲ್ಲಿ ನಿಂತಿದ್ದರು. ಅವರು ಕೈ ಮಾಡಿ ಕರೆಯಲೂ ಇಲ್ಲ, ತಡೆಯಲೂ ಇಲ್ಲ. ಕಾಂಕ್ರೀಟು ಮೂರು ಭಾಗವೂ ಒಂದೇ ಬಣ್ಣಕ್ಕೆ ಹತ್ತಿರವಾಗಿತ್ತು. ಕಾರು ಒಳಗೆ ಬಂದು ನಿಂತರೆ ಯಾರಿಗೂ ಏನೂ ಗೊತ್ತಾಗದಿರಬಹುದು. ಅಥವಾ ಮುಂದಿನ ಚಕ್ರದ ಕೆಳಗೆ ಅಂಚು ಕುಸಿಯಬಹುದು. ಎರಡರಲ್ಲಿ ಯಾವುದೆಂದು ಮಾಳಿಂಗನಿಗೆ ತಿಳಿಯದು. ಅವನು ಹೋಗಿ ಕಾರಿನ ಮುಂದೆ ನಿಂತ.

“ಹೊರಗ ಹಚ್ಚರಿ ಸರ್.”

ಸಂತೋಷಕುಮಾರ ಗಾಜು ಇಳಿಸಿದ. “ಯಾಕಪ? ಗಾಡಿ ದಾರಿ ಮಾಡಿ ಗಾಡಿ ಬ್ಯಾಡ ಅಂದ್ರ? ಪೂಜಾ ಮಾಡ್ಲಿಕ್ಕಿ ಇಟ್ಟಿಯೇನು?”

“ಈ ಭಾಗ ಇವತ್ತ ಗಟ್ಟಿ ಆಗ್ಯಾದ್ರಿ. ಕಾರ್ ತಡ್ಕೋತದಂತ ನಾ ಹೇಳಲಾರೆ.” ಅವನು ಕಾಕಂಬಿಯ ಸಂಗತಿಯನ್ನು ಮೊದಲಿನಿಂದ ಹೇಳಿದ. ಥಂಡಿ ಎಂದು ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಸಂತೋಷಕುಮಾರ ಇಳಿದು, ಮಂಡಿಯೂರಿ ಅಂಚು ನೋಡಿ, ಅಳತೆಯ ಕಾಗದ ಕೇಳಿ ಪಡೆದ.

“ಭಾವ, ಈತ ನಿಮಗ ಹೇಳಿದ್ದು ಇದೇನಾ?” ಎಂದು ಕೂಗಿ ಕೇಳಿದ.

“ಇದೇ. ಒಂದ್ ದಿನ ತಡಾ ಮಾಡಿ ಹೇಳಿದ,” ಎಂದರು ಶಿವಪ್ರಕಾಶ.

“ಹನ್ನೆರಡ ಮನಿ ಮಾತು ಈಗ ಬ್ಯಾಡ,” ಎಂದ ಸಂತೋಷಕುಮಾರ ಮಾಳಿಂಗನಿಗೆ. “ಇದಕ್ಕ ಪೂರ್ತಿ ಬಲಾ ಬರೂ ಇಪ್ಪತ್ತೆಂಟು ದಿನ ತುಂಬಲಿ. ಆವತ್ತ ತೊಗರಿ ಲೋಡ್ ಮಾಡಿದ ಟೆಂಪೋ ಹತ್ತಸ್ತೇನಿ. ಒಡಿಲಿಲ್ಲಂದ್ರ ಒಂದ್ ಮನಿ ಕೊಡ್ತೇನಿ. ಒಂದ. ಒಡೀತಂದ್ರ ನನ್ನ ನಂಬರ್ ಅಳಸಿಬಿಡು.”

“ಹೌದ್ರಿ.”

ಮಂಗಳವಾರದಿಂದ ಎಣಿಸಿದರೆ ಇಪ್ಪತ್ತೆಂಟನೇ ದಿನ ಜನವರಿ ಹದಿಮೂರು. ಇನ್ನೂ ಇಪ್ಪತ್ತನಾಲ್ಕು ದಿನವಿತ್ತು. ಕಾರು ಹಿಂದೆ ಸರಿದು ರಸ್ತೆಯ ಬದಿಗೆ ನಿಂತಿತು. ಸೀಮಾ ಒದ್ದೆ ಗೋಣಿತಟ್ಟುಗಳನ್ನು ತಂದಳು. ಈಗ ಮೇಲೆ ನೀರು ಹೊಡೆಯಬಹುದಿತ್ತು. ಮಾಳಿಂಗ ಒಂದು ತುದಿ ಹಿಡಿದ, ಅವಳು ಇನ್ನೊಂದು. ಇಬ್ಬರೂ ಸೇರಿ ಗೇಟಿನ ಕಡೆಯಿಂದ ಹಾಸುತ್ತ ಬಂದರು.