ಜಾಲರಿಯ ಹಿಂದಿನ ಮೂಲೆ

ಎಷ್ಟು ನುಣುಪಾಗಿದೆ ಈ ಹಡಗಿನ ಹೊಟ್ಟೆ, ಮಗುವಿನ ಕೆನ್ನೆಯ ಹಾಗೆ, ಎಂದುಕೊಂಡು ಅವಳು ನೀರಿನಡಿಯಲ್ಲಿ ಇನ್ನೊಮ್ಮೆ ಸವರಿದಳು, ಒಂದು ಚಿಪ್ಪಿಲ್ಲ, ಪಾಚಿಯ ಒಂದೆಳೆಯಿಲ್ಲ, ಖುಷಿ ಗಂಟಲಿಗೇ ಬಂತು, ತಡಿ, ಈಗಲೇ ಕುಣಿಯಬೇಡ — ಒಂದು ಬೆರಳು ದಪ್ಪದ ಈ ಕಬ್ಬಿಣದ ಆಚೆ ಗಂಡ ಇದ್ದಾನೆ, ಒಂಬತ್ತು ತಿಂಗಳಾದ ಮೇಲೆ, ಎಂಜಿನ್ ರೂಮಿನಲ್ಲಿ, ಹೆಂಡತಿ ಕೆಳಗೇ ಈಜುತ್ತಿದ್ದಾಳೆಂದು ಗೊತ್ತಿದ್ದೂ ಇಣುಕಲಾಗದೆ ಒದ್ದಾಡುತ್ತಿರುತ್ತಾನೆ, ಒದ್ದಾಡಲಿ, ಹೋಗುವಾಗ ಅವಳ ಹಸಿರು ಹಲ್ಲುಜ್ಜುವ ಬ್ರಷ್ಷನ್ನು ತನ್ನದೆಂದು ಚೀಲಕ್ಕೆ ತುರುಕಿಕೊಂಡ ಮಹಾನುಭಾವ, ಫೋನಿನಲ್ಲಿ ಕೇಳಿದರೆ, ಅಯ್ಯೋ ಒಂದು ಬ್ರಷ್ ತಾನೆ ಬಿಡೇ, ಬಿಡೋದೇನು, ಮೊದಲು ವಾಪಸ್ ತಂದ್ಕೊಡಿ. ಕಿವಿಯಲ್ಲಿ ಬಂದರಿನ ತಪಾಸಣೆ ಸಾಹೇಬರ ದನಿ ಗೊರಗೊರ ಎಂದಿತು, ಗಂಡನ ಹಡಗು ಅಂತ ನೀನು ಕಣ್ಣು ಮುಚ್ಕೊಂಡ್ರೂ ನಿನ್ನ ತಲೆ ಮೇಲಿನ ಕ್ಯಾಮೆರಾ ಮುಚ್ಕೊಳ್ಳಲ್ಲ ನೋಡಮ್ಮಾ, ಮೇಲೆ ದೋಣಿಯಲ್ಲಿ ಪರದೆಯ ಮುಂದೆ ಕೂತಿದ್ದಾರೆ, ಇನ್ನೊಬ್ಬ ಮುಳುಗುಗಾರನಿಗೆ ಕಿವಿನೋವು ಬರದಿದ್ದರೆ ಅವಳನ್ನು ಈ ಹಡಗಿಗೆ ಇಳಿಸುತ್ತಲೇ ಇರಲಿಲ್ಲ.

ಮುಚ್ಚಿಕೊಳ್ಳುವುದುಂಟೆ, ಅಮ್ಮನ ಹಗ್ಗಗಳನ್ನು ಮರೆಯುವುದುಂಟೆ, ಕೊಲ್ಲಿಯಲ್ಲಿ ಸಾಲಾಗಿ ಇಳಿಬಿಟ್ಟು ತಿನ್ನುವ ಚಿಪ್ಪು ಬೆಳೆಸುತ್ತಿದ್ದಳು, ಯಾವುದೋ ಹಡಗಿನ ತಳಕ್ಕಂಟಿ ಬಂದ ಪಟ್ಟೆಪಟ್ಟೆಯ ಪರದೇಶಿ ಚಿಪ್ಪು, ಅಕ್ಕಿಕಾಳಿನಷ್ಟು, ಎರಡೇ ವರ್ಷದಲ್ಲಿ ಕೊಲ್ಲಿಯೆಲ್ಲ ತನ್ನದೇ ಎಂದಿತು, ಅಮ್ಮ ಹಗ್ಗ ಎತ್ತಿದರೆ ಅವೇ, ಕಟ್ಟೆಯ ಮೆಟ್ಟಿಲ ಮೇಲೆ ಅವೇ, ಅವನ್ನೆಲ್ಲ ಕೊಂದು ಕೊಲ್ಲಿ ಶುದ್ಧವಾಗಿ, ಹನ್ನೆರಡು ವರ್ಷದ ಮೇಲೆ ಈಗ ಮತ್ತೆ ಹಗ್ಗ ಇಳಿಸಿದ್ದಾಳೆ ಎಪ್ಪತ್ತರ ಹಠಮಾರಿ, ನಿನ್ನ ಗಂಡಂಗೆ ಹೇಳು, ಬರ್ತಾ ಏನೂ ಅಂಟಿಸ್ಕೊಂಡು ಬರೋದು ಬೇಡ. ಒಂದೇ ಒಂದು ಸಿಕ್ಕರೂ ಹಡಗು ಬಂದ ದಾರಿಯಲ್ಲೇ ವಾಪಸ್, ಅವನೂ ವಾಪಸ್, ಇನ್ನೆರಡು ತಿಂಗಳು — ಇಲ್ಲೇ ಕೆರೆದುಬಿಡಿ ಎನ್ನುವ ಕ್ಯಾಪ್ಟನ್‌ಗಳಿದ್ದಾರೆ, ಕೆರೆದರೆ ಸಾಯುತ್ತವೆಯೇ ಅವು, ಕೊಲ್ಲಿಗೆ ಬಿತ್ತನೆ ಮಾಡಿದ ಹಾಗೆ. ಉಳಿದಿರುವುದು ಹಡಗು ನೀರು ಸೇದುವ ಜಾಲರಿ, ಅದರ ಹಿಂದಿನ ಕತ್ತಲ ಪೆಟ್ಟಿಗೆ, ತಳವನ್ನೆಲ್ಲ ತಿಕ್ಕುವವರು ಮರೆಯುವುದು ಅದನ್ನೇ, ಹೋದ ತಿಂಗಳು ಹಡಗನ್ನು ದಡಕ್ಕೆ ಏರಿಸಿದಾಗ ಫೋನಿನಲ್ಲಿ ಬಾಯಿ ನೋಯುವಷ್ಟು ಹೇಳಿದ್ದಳು, ಮೂಲೆ ನೋಡ್ರೀ, ಮೂಲೆ, ನೋಡ್ತೀನಿ ತಾಯಿ, ನನ್ನ ಕೈಯಾರೆ ಉಜ್ತೀನಿ. ಟಾರ್ಚು ಒಳಗಿಟ್ಟಳು, ಗೋಡೆ ಸ್ವಚ್ಛ, ಪೈಪಿನ ಬಾಯಿ ಸ್ವಚ್ಛ, ಮೂಲೆಯಲ್ಲಿ — ಏನೋ ಇದೆ, ಬಿರುಕಿಗೆ ಕಚ್ಚಿಕೊಂಡಿದೆ, ಕತ್ತು ಇಷ್ಟೇ ಇಷ್ಟು ಹೊರಳಿಸಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ಸಂಜೆಯೊಳಗೆ ಅವನು ಮನೆಯಲ್ಲಿ, ಕತ್ತು ಹೊರಳಲಿಲ್ಲ, ಕಣ್ಣೆದುರು ಅಮ್ಮ ಹಗ್ಗ ಎತ್ತುತ್ತಾಳೆ, ಕೈ ಜಾಲರಿಯೊಳಗೆ ಹೋಗುತ್ತದೆ, ಸಾಹೇಬರು, ಏನದು, ಹತ್ರ ಹಿಡಿ, ಹಿಡಿದಳು, ಬೆಳಕಿಗೆ ತಿರುಗಿಸಿದಳು, ಹಸಿರು, ಇದ್ಯಾವ ಪ್ರಾಣಿನಮ್ಮಾ, ನಗು ಬಂದು ಮುಖವಾಡದೊಳಕ್ಕೆ ನೀರು ನುಗ್ಗಿತು, ಮೂಗಿಗೆ ಉಪ್ಪು, ಕಣ್ಣಿಗೆ ಉಪ್ಪು, ನಂದೇ ಸಾಹೇಬ್ರೇ, ಇದು ನಂದೇ, ಬುಡದವರೆಗೂ ನೋಡಿದಳು, ಅಂಟಿಕೊಂಡದ್ದು ಏನೂ ಇಲ್ಲ, ಅಂಟಲು ಕೂದಲೇ ಉಳಿದಿಲ್ಲ, ಉಜ್ಜಿ ಉಜ್ಜಿ ಬೋಳಾದ, ಅವಳ ಹಸಿರು ಬ್ರಷ್.