ಏಣಿರಾಯನ ಹಗ್ಗ

ಸಂಪಾದಕರ ಫೋನು ಬಂದಾಗ ನಾನು ಶಾಲೆಯ ವಿಜ್ಞಾನ ಪುಸ್ತಕಕ್ಕೆ ಕಪ್ಪೆಯ ಜೀರ್ಣಾಂಗದ ಚಿತ್ರ ಬಿಡಿಸುತ್ತಿದ್ದೆ. ಹನ್ನೆರಡು ವರ್ಷದಿಂದ ನನ್ನ ಹೊಟ್ಟೆಪಾಡು ಇದೇ: ಕಪ್ಪೆ, ಹೂವಿನ ಒಳಭಾಗ, ಮೂತ್ರಪಿಂಡ. ಅವರು ಹೇಳಿದ್ದಿಷ್ಟು. ಪತ್ರಿಕೆಗೆ ಐವತ್ತು ತುಂಬುತ್ತದೆ, ವಿಶೇಷಾಂಕದಲ್ಲಿ ಏಣಿರಾಯ ಮತ್ತೆ ಬರಬೇಕು, ಹದಿನಾರು ಪುಟ, ಬಿಡಿಸುವವಳು ನಾನು. ನಾನು ಎದ್ದ ರಭಸಕ್ಕೆ ಕಪ್ಪೆಯ ಮೇಲೆ ಚಹಾ ಚೆಲ್ಲಿತು. ಚೆಲ್ಲಿದರೆ ಚೆಲ್ಲಲಿ.

ಏಣಿರಾಯ ನನ್ನ ದೊಡ್ಡಪ್ಪನ ಚಿತ್ರಕಥೆಯ ನಾಯಕ. ಬೀದಿದೀಪ ರಿಪೇರಿ ಅವನ ಕೆಲಸ. ಏಣಿ ಹತ್ತಿದರೆ ಊರಿನ ಗುಟ್ಟೆಲ್ಲ ಅವನ ಕಣ್ಣಿಗೆ ಬೀಳುತ್ತದೆ, ಇಳಿದರೆ ತಂಟೆ ಶುರು. ಇಪ್ಪತ್ತಾರು ವರ್ಷ ವಾರ ತಪ್ಪದೆ ಬಂದವನು ದೊಡ್ಡಪ್ಪ ತೀರಿಕೊಂಡ ಮೇಲೆ ನಿಂತುಹೋದ. ಅವನಿಗೆ ನಾನೊಂದು ಹೊಸ ಕಥೆ ಕಟ್ಟಬೇಕೆಂಬುದು ಒಂಬತ್ತನೇ ವಯಸ್ಸಿನಿಂದ ನನ್ನ ಆಸೆ. ಕಥೆ ತಲೆಯಲ್ಲಿ ತಯಾರೂ ಇತ್ತು: ಊರಿನ ದೀಪವೆಲ್ಲ ಒಮ್ಮೆಲೇ ಸರಿಹೋಗಿ, ಪಾಪ, ಅವನಿಗೆ ಕೆಲಸವೇ ಇಲ್ಲದಂತಾಗುತ್ತದೆ.

ತೊಡಕು ಒಂದೇ, ದೊಡ್ಡಮ್ಮ. ಹಕ್ಕು ಅವರದು, ಶುಕ್ರವಾರದೊಳಗೆ ಅವರ ಸಹಿ ಬೇಕು. ಹೊಸ ಕಥೆಗೆ ಅವರು ಒಪ್ಪದಿದ್ದರೆ ಹಳೆಯದೊಂದನ್ನೇ ಗೆರೆ ತಪ್ಪದಂತೆ ಮತ್ತೆ ಬಿಡಿಸಿ ಬಣ್ಣ ತುಂಬುವುದು ಎಂದು ಸಂಪಾದಕರು ಖಡಾಖಂಡಿತವಾಗಿ ಹೇಳಿದ್ದರು.

ಮಂಗಳವಾರ ಬೆಳಿಗ್ಗೆಯೇ ದೊಡ್ಡಮ್ಮನ ಮನೆಗೆ ಓಡಿದೆ. ದೊಡ್ಡಮ್ಮ ನನ್ನ ಕಥೆಯನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ಅವರು ಬರೆದದ್ದು ಬರೆದ ಹಾಗೇ ಇರಲಿ. ನಾನು ಒಂದು ಚುಕ್ಕೆ ಬದಲಾಯಿಸಿದವಳಲ್ಲ, ನೀನೂ ಬದಲಾಯಿಸಬೇಡ. ಹೆಸರು ಅವನದು, ಬುದ್ಧಿ ನಿನ್ನದು ಅಂದ್ರೆ ಅವನು ಏಣಿರಾಯ ಹೇಗಾಗ್ತಾನೆ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದ್ದ ಗೆರೆಯನ್ನೇ ಮತ್ತೆ ಎಳೆಯುವುದಕ್ಕೆ ನಾನೇಕೆ ಬೇಕು ಎಂದು ರೇಗಿದೆ. ಸರಿ, ಮೂಲ ಹಾಳೆಗಳನ್ನಾದರೂ ಕೊಡಿ ಎಂದು ಮುಖ ಊದಿಸಿಕೊಂಡು ಕೇಳಿದೆ. ಗಡಿಯಾರ ಗೋಪುರದ ಕಥೆಯ ಕಟ್ಟನ್ನು ಊಟದ ಮೇಜಿನ ಮೇಲಿಟ್ಟು ಅವರು ಒಳಗೆ ಹೋದರು.

ಆ ಮನೆಯಲ್ಲಿ ಕೆಲಸ ನಡೆಯುತ್ತಿದ್ದದ್ದು ಹೀಗೆ: ದೊಡ್ಡಪ್ಪ ತಿಳಿನೀಲಿ ಪೆನ್ಸಿಲಿನಲ್ಲಿ ಚಿತ್ರ ಹಾಕುವರು, ದೊಡ್ಡಮ್ಮ ಅದರ ಮೇಲೆ ಕಪ್ಪು ಇಂಕು ಎಳೆಯುವರು. ಮುದ್ರಣಾಲಯದ ಕ್ಯಾಮೆರಾಗೆ ಆ ನೀಲಿ ಕಾಣುವುದಿಲ್ಲ, ಆದ್ದರಿಂದ ಅಳಿಸುವ ತಾಪತ್ರಯವಿಲ್ಲ. ನೀಲಿ ಗೆರೆ ಇಂಕಿನ ಕೆಳಗೆ ಹಾಗೇ ಉಳಿಯುತ್ತದೆ.

ಮೂರನೇ ವರ್ಷದ ಆ ಕಥೆ ನನಗೆ ಬಾಯಿಪಾಠ. ಕೊನೆಯ ಪುಟದಲ್ಲಿ ಏಣಿರಾಯ ಗೋಪುರದಿಂದ ಜಾರುತ್ತಾನೆ, ಸೊಂಟದ ಹಗ್ಗ ಅವನನ್ನು ಹಿಡಿಯುತ್ತದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಗ್ಗದ ಕೆಳಗೆ ನೀಲಿಯೇ ಇರಲಿಲ್ಲ. ಕಪ್ಪು ಹಗ್ಗದಲ್ಲಿ ಕಪ್ಪು ಏಣಿರಾಯ ಮೇಲೆ ನೇತಾಡುತ್ತಿದ್ದರೆ, ನೀಲಿ ಏಣಿರಾಯ ಕೆಳಗೆ ನೆಲದ ಮೇಲೆ ಬಿದ್ದಿದ್ದ. ಏಣಿ ಮುರಿದಿತ್ತು, ಸುತ್ತ ಜನ ಟೋಪಿ ತೆಗೆದು ನಿಂತಿದ್ದರು. ಮೂಲೆಯಲ್ಲಿ ದೊಡ್ಡಪ್ಪನ ಅಕ್ಷರ: ಮುಗಿಯಿತು.

ಮೂರನೇ ವರ್ಷಕ್ಕೇ ಸತ್ತವನು! ಆಮೇಲಿನ ಇಪ್ಪತ್ತಮೂರು ವರ್ಷ ಅವನು ಬದುಕಿದ್ದು ದೊಡ್ಡಮ್ಮ ಕಟ್ಟಿದ ಹಗ್ಗದಿಂದ.

ಹಾಳೆ ಹಿಡಿದು ಅಡುಗೆಮನೆಗೆ ನುಗ್ಗಿದೆ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

"ಆ ವಾರ ಅವರಿಗೆ ಎಲ್ಲಾ ಸಾಕಾಗಿತ್ತು. ಸಾಯಿಸಿಬಿಟ್ರು. ನನಗೆ ಕೈ ಬರಲಿಲ್ಲ."

"ಅಚ್ಚಾದ ಮೇಲೆ ದೊಡ್ಡಪ್ಪ ಏನಂದ್ರು?"

"ಮೂರು ದಿನ ಮಾತು ಬಿಟ್ರು. ನಾಲ್ಕನೇ ದಿನ, ಹಗ್ಗ ಎಲ್ಲಿಂದ ಬಂತು ಅಂತ ಕೇಳಿದ್ರು. ಅದನ್ನೇ ಮುಂದಿನ ಕಥೆ ಮಾಡಿ ಅಂದೆ."

ಮಾಡಿದ್ದರು ಕೂಡ. ಕದ್ದ ಹಗ್ಗದ ಕಥೆಯನ್ನು ನಾನು ನೂರು ಸಲ ಓದಿದ್ದೆ. ಒಂದು ಚುಕ್ಕೆ ಬದಲಾಯಿಸಿಲ್ಲ ಅಂದಿರಲ್ಲ ಎಂದು ಕೆಣಕಿದೆ. ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಒಪ್ಪಿಗೆ ಕಾಗದ ಇಸಿದುಕೊಂಡು ಹೊಸ ಕಥೆಗೆ ಸಹಿ ಹಾಕಿದರು, ಷರತ್ತು ಒಂದೇ: ನಾನು ನೀಲಿಯಲ್ಲಿ ಬಿಡಿಸಬೇಕು, ಇಂಕು ಅವರದು.

ಮೂರು ವಾರ ನನಗೆ ಹಸಿವು ನಿದ್ದೆ ಎರಡೂ ಇರಲಿಲ್ಲ. ಕಪ್ಪೆಯ ಪುಸ್ತಕದವರು ಫೋನು ಮಾಡಿ ಮಾಡಿ ಸುಸ್ತಾದರು. ಕೊನೆಯ ಪುಟದಲ್ಲಿ ಏಣಿರಾಯ ಏಣಿಯನ್ನು ಗೋಡೆಗೊರಗಿಸಿ ಬರಿಗೈಯಲ್ಲಿ ಊರು ಬಿಟ್ಟು ನಡೆಯುತ್ತಾನೆ. ಅದನ್ನು ಬಿಡಿಸುವಾಗ ನನಗೇ ಅಳು ಬಂದಿತ್ತು.

ಇಂಕಾದ ಹಾಳೆಗಳು ಮರಳಿ ಬಂದವು. ಹದಿನೈದು ಪುಟ ನೋಡಿ ಕುಣಿದಾಡಿದೆ, ನನ್ನ ಗೆರೆ ಅಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ. ಹದಿನಾರನೆಯದರಲ್ಲಿ ಅವನು ನಡೆಯುತ್ತಿದ್ದಾನೆ ನಿಜ, ಆದರೆ ಹೆಗಲ ಮೇಲೆ ಏಣಿ! ಗೋಡೆಗೊರಗಿದ ನನ್ನ ನೀಲಿ ಏಣಿಯನ್ನು ಯಾರೂ ಕೇಳುವವರೇ ಇಲ್ಲ.

ನೆತ್ತಿಗೇರಿದ ಸಿಟ್ಟಿನಲ್ಲೇ ಫೋನು ಹಚ್ಚಿದೆ. "ದೊಡ್ಡಮ್ಮ, ನಾನು ಬರೆದದ್ದು ಬರೆದ ಹಾಗೇ ಇರಬೇಕಿತ್ತು."

ಹೇಳಿದ ಮೇಲೆಯೇ ಆ ಮಾತು ಯಾರದೆಂದು ನನಗೆ ನೆನಪಾದದ್ದು.

"ಊರು ಬಿಟ್ಟವನು ಏಣಿ ಯಾಕೆ ಹೊತ್ಕೊಂಡ, ಹೇಳು ನೋಡೋಣ," ಎಂದರು ದೊಡ್ಡಮ್ಮ.

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನೀಲಿ ಪೆನ್ಸಿಲು ಹುಡುಕತೊಡಗಿದೆ.