ಹೊಟ್ಟೆಬಾಕನ ಎದೆಬಡಿತ

"ಮೊಲದ ಕಿವಿ ಹಿಡಿದ್ರೆ ಸಾಕು, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯತ್ತೆ ಅಂತ ಹೇಳಿಬಿಡ್ತೀನಿ" ಎಂದು ಅಜ್ಜಿ ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಯಾರಾದರೂ ನಕ್ಕರೆ, "ಹೋಗ್ಲಿ, ಅರ್ಧ ಸುಳ್ಳು. ಕಿವಿ ಹಿಡಿಯೋದಂತೂ ನಿಜ" ಎಂದು ತಾನೂ ನಗುತ್ತಿದ್ದಳು.

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಹನ್ನೆರಡು ಮೊಲಗಳಿಗೆ ಮೇವು ಹಾಕುವುದು ಅವಳ ಕೆಲಸ. ಗೋಡೆ ಪಕ್ಕದಲ್ಲಿ ಆನೆಮರಿ ಗಾತ್ರದ ಕಬ್ಬಿಣದ ತೊಟ್ಟಿ. ಪ್ರಯೋಗ ನಡೆಸುವ ಡಾಕ್ಟರಮ್ಮ ಅದರೊಳಗೆ ಮೊಲ ಕೂರಿಸಿ, ಗಾಜಿನ ಕಿಂಡಿಯಿದ್ದ ಬಾಗಿಲು ಬಿಗಿದು, ಕವಾಟ ತಿರುಗಿಸಿ ಗಾಳಿ ತುಂಬುತ್ತಿದ್ದಳು. ಸಮುದ್ರದ ಆಳದಲ್ಲಿದ್ದಂತೆ ಒತ್ತಡ ಏರುತ್ತಿತ್ತು, ಎದೆಬಡಿತ ನಿಧಾನವಾಗಬೇಕಿತ್ತು. ಹನ್ನೊಂದು ಮೊಲಗಳದ್ದು ಹಾಗೇ ಆಯಿತು. ಹೊಟ್ಟೆಬಾಕ ಎಂಬ ಹನ್ನೆರಡನೆಯದರ ಎದೆ ಮಾತ್ರ ಇನ್ನೂರಿಪ್ಪತ್ತರಿಂದ ಇನ್ನೂರೆಂಬತ್ತಕ್ಕೆ ಹಾರಿತು. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ.

"ಇದರ ಹೃದಯದಲ್ಲೇ ಏನೋ ದೋಷ ಇದೆ ಅಜ್ಜಿ. ಸೋಮವಾರ ಕೊಯ್ದು ನೋಡ್ಬೇಕು."

ಅಜ್ಜಿಯ ಕೈಯಲ್ಲಿದ್ದ ಬಟ್ಟಲು ಠಣ್ಣೆಂದು ಬಿತ್ತು. "ಕೊಯ್ಯೋದಾ? ನನ್ನನ್ನೇ ಕೊಯ್ಯಮ್ಮ, ಅದಕ್ಕಿಂತ ಜಾಸ್ತಿ ದೋಷ ಸಿಗತ್ತೆ!"

ಡಾಕ್ಟರಮ್ಮ ತನ್ನ ಪುಸ್ತಕದಲ್ಲಿ 'ಸೋಮವಾರ' ಎಂದು ಬರೆದುಕೊಂಡಳು.

ಮಧ್ಯಾಹ್ನ ಅಜ್ಜಿ ಮುಖ ಬಾಡಿಸಿಕೊಂಡೇ ತನ್ನ ಗುಟ್ಟಿನ ಕೆಲಸಕ್ಕೆ ಕೂತಳು. ಹೊಟ್ಟೆಬಾಕನಿಗೆ ದಿನಾ ಯಾರಿಗೂ ಕಾಣದ ಹಾಗೆ ಒಂದು ಕ್ಯಾರೆಟ್ ಹೆಚ್ಚಿಗೆ. ಮಣ್ಣು ತೊಳೆಯಲು ಕೆಳಗಿನ ನಲ್ಲಿಯವರೆಗೆ ಬಗ್ಗಬೇಕು, ಮೊಣಕಾಲು ಬಿಡಬೇಕಲ್ಲ! ತೊಟ್ಟಿಯ ಗಾಳಿಕೊಳವೆ ತೆಗೆದು ಬುಸ್ಸ್ ಎಂದು ಊದಿದರೆ ಮಣ್ಣೆಲ್ಲ ಮಾಯ. ಅವತ್ತೂ ಊದಿದಳು. ಕ್ಯಾರೆಟ್ ಇನ್ನೂ ಸೆರಗಿನಡಿ ಇತ್ತು. ಹೊಟ್ಟೆಬಾಕ ಆಗಲೇ ಎರಡು ಕಾಲ ಮೇಲೆ ಎದ್ದು, ಮೀಸೆ ಕುಣಿಸುತ್ತ, ಗೂಡಿನ ತಂತಿ ಹಿಡಿದು ನಿಂತಿದ್ದ!

ಬುಸ್ಸೆಂದರೆ ಕ್ಯಾರೆಟ್ ಬಂತೆಂದೇ ಅವನ ಲೆಕ್ಕ; ತೊಟ್ಟಿಗೆ ಗಾಳಿ ತುಂಬುವಾಗಲೂ ಅದೇ ಸದ್ದು ಎಂದು ಅಜ್ಜಿಗೆ ಆಗ ಹೊಳೆಯಿತು. ಕೊಳವೆ ಮುಟ್ಟಬಾರದೆಂದು ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಹೇಳಿದರೆ ಕೆಲಸ ಹೋದೀತು. ಸುಮ್ಮನಿದ್ದರೆ ಹೊಟ್ಟೆಬಾಕ ಹೋಗುತ್ತಾನೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳಂತೆ. ಮೊಣಕಾಲು ಆಮೇಲೆ ಒಂದು ವಾರ ಅವಳ ಜೊತೆ ಮಾತು ಬಿಟ್ಟಿತ್ತು.

"ತಾಯೀ, ದೋಷ ಅದರ ಹೃದಯದ್ದಲ್ಲ, ನಂದು."

ಎಲ್ಲ ಕೇಳಿದ ಡಾಕ್ಟರಮ್ಮ ಮೊಲವನ್ನು ತೊಟ್ಟಿಯಲ್ಲಿ ಕೂರಿಸಿ, ಬಾಗಿಲು ತೆರೆದೇ ಇಟ್ಟು ಗಾಳಿ ಬಿಟ್ಟಳು. ಒತ್ತಡದ ಮುಳ್ಳು ಸೊನ್ನೆಯಲ್ಲೇ ಇತ್ತು. ಎದೆಬಡಿತ ಇನ್ನೂರೆಂಬತ್ತು!

"ಅಯ್ಯೋ ಅಜ್ಜೀ! ಮೂರು ವಾರ ನಾನು ಅಳೆದಿದ್ದು ಇದರ ಬಾಯಿಚಪಲಾನ!"

"ಕೆಲಸದಿಂದ ತೆಗೀತೀಯಾ?"

"ತೆಗೆದ್ರೆ ಇದನ್ನ ಸರಿ ಮಾಡೋರು ಯಾರು? ಇನ್ನು ಹತ್ತು ದಿನ ನೀವೇ ಕೊಳವೆ ಊದ್ಬೇಕು, ಕ್ಯಾರೆಟ್ ಮಾತ್ರ ಕೊಡಬಾರದು. ಆ ಸದ್ದಿನ ಆಸೆ ಬಿಡಬೇಕು ಅದು."

"ನನ್ನ ತಲೆಮೇಲೆ ಕೈಯಿಟ್ಟು ಹೇಳ್ತೀನಿ, ಊದುವಾಗ ಒಂದು ಚೂರೂ ಕೊಡಲ್ಲ."

ಹನ್ನೊಂದನೆಯ ದಿನ ತೊಟ್ಟಿಯಲ್ಲಿ ಗಾಳಿ ಬುಸುಗುಟ್ಟಿತು. ಹೊಟ್ಟೆಬಾಕ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಒತ್ತಡ ಏರಿದಂತೆ ಎದೆಬಡಿತ ಇಳಿಯುತ್ತ ಇಳಿಯುತ್ತ ನೂರತೊಂಬತ್ತಕ್ಕೆ ಬಂತು. ಡಾಕ್ಟರಮ್ಮ ಅಜ್ಜಿಯನ್ನು ತಬ್ಬಿಕೊಂಡುಬಿಟ್ಟಳು. ಮೊಲವನ್ನು ಗೂಡಿಗೆ ಬಿಟ್ಟು, ಖುಷಿಯಲ್ಲಿ ಕೈ ತೊಳೆಯಲು ಹೋಗಿ ಕೆಳಗಿನ ನಲ್ಲಿ ತಿರುಗಿಸಿದಳು.

ಹೊಟ್ಟೆಬಾಕ ಎರಡು ಕಾಲ ಮೇಲೆ ಎದ್ದು ನಿಂತ.

ಡಾಕ್ಟರಮ್ಮ ನಲ್ಲಿ ನೋಡಿದಳು, ಮೊಲ ನೋಡಿದಳು, ಒದ್ದೆಯಾಗಿದ್ದ ಅಜ್ಜಿಯ ಸೆರಗು ನೋಡಿದಳು. ಅಜ್ಜಿ ಮೊಣಕಾಲು ನೀವಿಕೊಳ್ಳುತ್ತ ಚಾವಣಿ ನೋಡತೊಡಗಿದಳು. ಆ ಹತ್ತು ದಿನ ಏನು ನಡೆದಿತ್ತು ಅಂತ ನಾನ್ಯಾಕೆ ಹೇಳಲಿ, ನೀವೇ ಹೇಳಿ ನೋಡೋಣ?